ಗೂಗಲ್‌ನ ಮೊದಲ ಪುಟ ಮಾರಾಟಕ್ಕಿಲ್ಲ

ಮಾನ್ಯ ಸಂಪಾದಕರೆ,

ತುಮಕೂರಿನ ಮಂಡಿಪೇಟೆ, ಚಿಕ್ಕಪೇಟೆ ಮತ್ತು ಶಿರಾ ಗೇಟ್ ಕಡೆಯ ಸಣ್ಣ ವ್ಯಾಪಾರಿಗಳಲ್ಲಿ ನನಗೆ ಪರಿಚಯವಿರುವ ಹಲವರಿಗೆ ಈಚಿನ ದಿನಗಳಲ್ಲಿ ಒಂದೇ ಬಗೆಯ ದೂರವಾಣಿ ಕರೆಗಳು ಬರುತ್ತಿವೆ. ‘ನಿಮ್ಮ ವೆಬ್‌ಸೈಟನ್ನು ಗೂಗಲ್‌ನ ಮೊದಲ ಪುಟಕ್ಕೆ ತಂದುಕೊಡುತ್ತೇವೆ, ಅದೂ ಗ್ಯಾರಂಟಿ’ ಎನ್ನುವುದು ಆ ಕರೆಗಳ ಸಾರ. ಅಂಥದೊಂದು ಕರೆಗೆ ಓಗೊಟ್ಟು ಆರು ತಿಂಗಳಿಗೆ 24,000 ರೂಪಾಯಿ ತೆತ್ತವರಲ್ಲಿ ನಾನೂ ಒಬ್ಬ. ಹಣ ಹೋದದ್ದಕ್ಕಿಂತ, ಆ ಹಣವಿಲ್ಲದೆಯೇ ನಾನೇ ಮಾಡಿಕೊಳ್ಳಬಹುದಾಗಿದ್ದ ಕೆಲಸ ಯಾವುದೆಂಬುದು ಆರು ತಿಂಗಳು ತಡವಾಗಿ ತಿಳಿಯಿತಲ್ಲ ಎಂಬ ಬೇಸರ ದೊಡ್ಡದು. ಉಳಿದವರಿಗಾದರೂ ಅದು ಮೊದಲೇ ತಿಳಿಯಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ. ಕರೆ ಮಾಡಿದ ಸಂಸ್ಥೆಯನ್ನು ಹೆಸರಿಸುವುದು ನನ್ನ ಉದ್ದೇಶವಲ್ಲ.

ನಮ್ಮದು ಮರದ ಗಾಣದ ಎಣ್ಣೆಯ ಚಿಕ್ಕ ಘಟಕ. ಶಿರಾ, ಪಾವಗಡದ ಕಡೆಯಿಂದ ಬರುವ ಕಡಲೆಕಾಯಿ, ತಿಪಟೂರಿನ ಕಡೆಯ ಉಂಡೆ ಕೊಬ್ಬರಿಯಲ್ಲಿ ಒಡೆದು ಚೂರಾಗಿ ತಿನ್ನುವ ದರಕ್ಕೆ ಹೋಗದ ಮಾಲು, ಎಳ್ಳು, ಹುಚ್ಚೆಳ್ಳು, ಇವಿಷ್ಟನ್ನು ಆಡಿಸುತ್ತೇವೆ. ವೆಬ್‌ಸೈಟ್ ಮಾಡಿಸಿದ್ದು, ಬೆಂಗಳೂರಿಗೆ ಹೋಗಿ ನೆಲೆಸಿದ ಹಳೆಯ ಗಿರಾಕಿಗಳು ಎಣ್ಣೆಯನ್ನು ಅಲ್ಲಿಗೇ ಕಳುಹಿಸಿ ಎಂದು ಕೇಳತೊಡಗಿದ ಮೇಲೆ. ಐದು ಪುಟಗಳ ತಾಣ; ಚೆಂದದ ಚಿತ್ರಗಳು, ಗಾಣದ ವಿಡಿಯೊ, ಎಲ್ಲವೂ ಇದ್ದವು. ಅದನ್ನು ನೋಡುವವರು ಮಾತ್ರ ನಮ್ಮ ಮನೆಯವರೇ ಆಗಿದ್ದರು.

ಕರೆ ಮಾಡಿದ ಸಂಸ್ಥೆಯವರು ಮೊದಲ ತಿಂಗಳ ಕೊನೆಗೆ ಒಂದು ವರದಿ ಕಳುಹಿಸಿದರು. ಅದರಲ್ಲಿ ನಮ್ಮ ಅಂಗಡಿಯ ಪೂರ್ತಿ ಹೆಸರನ್ನು ಗೂಗಲ್‌ನಲ್ಲಿ ಬರೆದು ಹುಡುಕಿದ ಚಿತ್ರವಿತ್ತು. ನಮ್ಮ ಅಂಗಡಿ ಎಲ್ಲಕ್ಕಿಂತ ಮೇಲಿತ್ತು. ನಾನು ಸಂತೋಷಪಟ್ಟೆ. ತನ್ನದೇ ಹೆಸರನ್ನು ಕೂಗಿದಾಗ ತಾನೇ ಓಗೊಡುವುದರಲ್ಲಿ ಯಾವ ಹೆಚ್ಚುಗಾರಿಕೆಯೂ ಇಲ್ಲವೆಂಬುದು ಆಗ ಹೊಳೆಯಲಿಲ್ಲ. ನಮ್ಮ ಹೆಸರು ಗೊತ್ತಿರುವವರು ನೇರವಾಗಿ ಫೋನ್ ಮಾಡುತ್ತಾರೆ. ನಮಗೆ ಬೇಕಾಗಿದ್ದವರು ಹೆಸರು ಗೊತ್ತಿಲ್ಲದೆ ‘ತುಮಕೂರಿನಲ್ಲಿ ಗಾಣದ ಎಣ್ಣೆ’ ಎಂದು ಹುಡುಕುವವರು. ಇನ್ನೂ ವಿಚಿತ್ರವೆಂದರೆ, ಆ ಚಿತ್ರದಲ್ಲಿ ಮೇಲೆ ಕಾಣುತ್ತಿದ್ದುದು ನಮ್ಮ ವೆಬ್‌ಸೈಟೇ ಅಲ್ಲ, ಗೂಗಲ್ ನಕಾಶೆಯಲ್ಲಿ ಹಿಂದೆಂದೋ ನಾವೇ ಸೇರಿಸಿದ್ದ ಅಂಗಡಿಯ ವಿವರ.

ಗೂಗಲ್ ತನ್ನ ಮಾರ್ಗಸೂಚಿಯಲ್ಲಿಯೇ ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಬರೆದಿದೆ. ಹಣ ಪಡೆದು ಯಾವ ತಾಣವನ್ನೂ ಸಹಜ ಫಲಿತಾಂಶಗಳಲ್ಲಿ ಮೇಲಕ್ಕೇರಿಸುವುದಿಲ್ಲ ಎಂದೂ ಹೇಳಿದೆ. ಹಣಕ್ಕೆ ಸಿಗುವುದು ಜಾಹೀರಾತು ಮಾತ್ರ. ಅದರ ಮೇಲೆ ಪ್ರಾಯೋಜಿತವೆಂಬ ಗುರುತಿರುತ್ತದೆ, ಸಾಮಾನ್ಯವಾಗಿ ಪ್ರತಿ ಕ್ಲಿಕ್ಕಿಗೂ ಹಣ ಕಡಿತವಾಗುತ್ತದೆ, ಹಣ ಮುಗಿದ ದಿನ ಅದೂ ಮರೆಯಾಗುತ್ತದೆ. ಜಾಹೀರಾತು ಕೊಡುವುದು ತಪ್ಪಲ್ಲ. ದೀಪಾವಳಿ ಹೊತ್ತಿಗೆ ನಾವೂ ಕೊಟ್ಟಿದ್ದೇವೆ. ಆದರೆ ಜಾಹೀರಾತಿನ ಸ್ಥಾನವನ್ನು ತೋರಿಸಿ ಸಹಜ ಸ್ಥಾನವೆಂದು ನಂಬಿಸುವವರಿದ್ದಾರೆ. ‘ನಾವು ಗೂಗಲ್ ಪಾಲುದಾರರು’ ಎಂಬ ಮಾತೂ ಅಷ್ಟೇ. ಆ ಬಿರುದು ಗೂಗಲ್ ಜಾಹೀರಾತುಗಳನ್ನು ನಿರ್ವಹಿಸುವುದಕ್ಕೆ ಸಂಬಂಧಿಸಿದ್ದು, ಸಹಜ ಹುಡುಕಾಟದ ಕ್ರಮದ ಮೇಲೆ ಅದಕ್ಕೆ ಯಾವ ಹಿಡಿತವೂ ಇಲ್ಲ.

ಸರ್ಚ್ ಎಂಜಿನ್ ಕೆಲಸ ಮಾಡುವ ಬಗೆ ತಿಪಟೂರಿನ ಕೊಬ್ಬರಿ ಮಾರುಕಟ್ಟೆಯನ್ನು ಕಂಡವರಿಗೆ ಕಷ್ಟದ್ದಲ್ಲ. ಅಲ್ಲಿ ಮಾಲು ಮೊದಲು ಪ್ರಾಂಗಣದ ಒಳಗೆ ಬರಬೇಕು, ಆಮೇಲೆ ಅದಕ್ಕೆ ಲಾಟ್ ಸಂಖ್ಯೆ ಬೀಳಬೇಕು, ಅದಾದ ಮೇಲೆಯೇ ಖರೀದಿದಾರರು ಗುಣ ನೋಡಿ ಟೆಂಡರಿನಲ್ಲಿ ದರ ಬರೆಯುವುದು. ಇಲ್ಲಿಯೂ ಮೂರು ಹಂತಗಳು. ಗೂಗಲ್‌ಬಾಟ್ ಎಂಬ ತಂತ್ರಾಂಶ ಲಿಂಕಿನಿಂದ ಲಿಂಕಿಗೆ ಸಾಗುತ್ತ ಪುಟಗಳನ್ನು ಓದುತ್ತದೆ. ಓದಿದ್ದನ್ನು ಗೂಗಲ್ ತನ್ನ ಸೂಚಿಗೆ, ಅಂದರೆ ತಾನು ಬಲ್ಲ ಪುಟಗಳ ದೊಡ್ಡ ಪಟ್ಟಿಗೆ, ಸೇರಿಸಿಕೊಳ್ಳುತ್ತದೆ. ಯಾರಾದರೂ ಏನನ್ನಾದರೂ ಹುಡುಕಿದಾಗ ಆ ಸೂಚಿಯಿಂದ ಹೊಂದುವ ಪುಟಗಳನ್ನು ಆಯ್ದು ಒಂದು ಕ್ರಮದಲ್ಲಿ ಇಡುತ್ತದೆ. ಮೊದಲ ಸ್ಥಾನದ ಮಾತೆಲ್ಲ ಮೂರನೆಯ ಹಂತದ್ದು. ನಮ್ಮ ಮಾಲು ಗೇಟಿನ ಹೊರಗೇ ನಿಂತಿತ್ತು.

ಅದನ್ನು ಕಂಡುಹಿಡಿದದ್ದು ನಗರದಲ್ಲಿಯೇ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗಳು, ಒಂದು ಭಾನುವಾರ, ಊಟಕ್ಕೆ ಎಲೆ ಹಾಕುವಷ್ಟರಲ್ಲಿ. ಗೂಗಲ್‌ನ ಹುಡುಕು ಪೆಟ್ಟಿಗೆಯಲ್ಲಿ ಇಂಗ್ಲಿಷಿನ ‘ಸೈಟ್’ ಎಂಬ ಪದ, ಅದರ ಬೆನ್ನಿಗೆ ಕೋಲನ್ ಚಿಹ್ನೆ, ಜಾಗ ಬಿಡದೆ ತಾಣದ ವಿಳಾಸ, ಇಷ್ಟನ್ನು ಬರೆದರೆ ಆ ತಾಣದ ಯಾವ ಯಾವ ಪುಟಗಳು ಸೂಚಿಯಲ್ಲಿವೆ ಎಂಬುದು ಸ್ಥೂಲವಾಗಿ ಗೊತ್ತಾಗುತ್ತದೆ. ನಮ್ಮದು ಒಂದೂ ಬರಲಿಲ್ಲ. ‘ಮಾವ, ನಿಮ್ಮ ಸೈಟು ಗೂಗಲ್ಲಿಗೆ ಗೊತ್ತೇ ಇಲ್ಲ’ ಎಂದಳು. ಕಾರಣ ಹುಡುಕಲು ಇನ್ನೂ ಹತ್ತು ನಿಮಿಷ ಹಿಡಿಯಿತು. ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶದಲ್ಲಿ ಮಾಡಿದ ತಾಣಗಳ ಸೆಟ್ಟಿಂಗ್ಸ್‌ನಲ್ಲಿ, ಓದುವಿಕೆಯ ವಿಭಾಗದಲ್ಲಿ, ಈ ತಾಣವನ್ನು ಸೂಚಿಗೆ ಸೇರಿಸದಿರಿ ಎಂದು ಸರ್ಚ್ ಎಂಜಿನ್‌ಗಳಿಗೆ ಹೇಳುವ ಒಂದು ಚಿಕ್ಕ ಚೌಕವಿದೆ. ತಾಣ ಕಟ್ಟುವ ಹೊತ್ತಿನಲ್ಲಿ ಅರ್ಧಂಬರ್ಧ ಪುಟಗಳು ಹೊರಗೆ ಕಾಣದಿರಲಿ ಎಂದು ಅದಕ್ಕೆ ಟಿಕ್ ಹಾಕುವುದು ರೂಢಿ. ಕೆಲಸ ಮುಗಿದ ಮೇಲೆ ತೆಗೆಯಬೇಕು. ನಮ್ಮ ತಾಣ ಮಾಡಿಕೊಟ್ಟವರು ತೆಗೆಯುವುದನ್ನು ಮರೆತಿದ್ದರು. ತಾಣವನ್ನು ಹುಡುಕಾಟದಲ್ಲಿ ಮೇಲೆ ತರುವ ಕೆಲಸವೆಂದು ಆರು ತಿಂಗಳು ‘ಆಪ್ಟಿಮೈಸೇಶನ್’ ಮಾಡಿದ ಸಂಸ್ಥೆಯವರು ಅದನ್ನು ನೋಡಿಯೇ ಇರಲಿಲ್ಲ. ಬಾಗಿಲಿಗೆ ಬೀಗ ಹಾಕಿರುವ ಅಂಗಡಿಯ ಫಲಕಕ್ಕೆ ಬಣ್ಣ ಬಳಿದಂತೆ ಅವರ ಕೆಲಸ ನಡೆದಿತ್ತು.

ಟಿಕ್ ತೆಗೆದು, ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸೇವೆಯಲ್ಲಿ ತಾಣವನ್ನು ನಮ್ಮದೆಂದು ದೃಢಪಡಿಸಿ, ತಾಣದ ಎಲ್ಲ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಸಲ್ಲಿಸಿದೆವು. ಈ ಸರ್ಚ್ ಕನ್ಸೋಲ್ 2015ಕ್ಕೆ ಮುಂಚೆ ವೆಬ್‌ಮಾಸ್ಟರ್ ಟೂಲ್ಸ್ ಎಂಬ ಹೆಸರಿನಲ್ಲಿತ್ತು. ಯಾವ ಪುಟ ಸೂಚಿಯಲ್ಲಿದೆ, ಯಾವುದು ಇಲ್ಲ, ಏಕೆ ಇಲ್ಲ, ಜನ ಯಾವ ಪದ ಬರೆದಾಗ ನಮ್ಮ ಪುಟ ಕಾಣಿಸಿಕೊಂಡಿತು, ಎಷ್ಟು ಜನ ಒತ್ತಿದರು, ಎಲ್ಲವನ್ನೂ ಅದು ತೋರಿಸುತ್ತದೆ. ಯಾವ ಸಂಸ್ಥೆಯ ತಿಂಗಳ ವರದಿಗಿಂತಲೂ ಇದನ್ನು ನಂಬಬಹುದು. ಹಣ ಕೊಟ್ಟು ಕೆಲಸ ಮಾಡಿಸುವವರೂ ಇದರ ಒಡೆತನವನ್ನು ಮಾತ್ರ ತಮ್ಮ ಹೆಸರಿನಲ್ಲಿಯೇ ಇಟ್ಟುಕೊಂಡು, ಕೆಲಸಗಾರರಿಗೆ ಬಳಕೆಯ ಅನುಮತಿಯನ್ನಷ್ಟೇ ಕೊಡಬೇಕು.

ಪುಟಗಳು ಸೂಚಿಗೆ ಬಂದವು. ಆದರೂ ‘ಗಾಣದ ಎಣ್ಣೆ’ ಎಂದು ಹುಡುಕಿದರೆ ನಾವಿಲ್ಲ. ಇದರ ಕಾರಣ ಕನ್ನಡದ ವ್ಯಾಪಾರಿಗಳೆಲ್ಲ ತಿಳಿದುಕೊಳ್ಳಬೇಕಾದದ್ದು. ನಮ್ಮ ತಾಣದ ಕನ್ನಡವೆಲ್ಲ ಕರಪತ್ರ ಅಚ್ಚು ಹಾಕಿಸಿದ ಪ್ರೆಸ್ಸಿನಿಂದ ಬಂದದ್ದು. ಅಲ್ಲಿ ಡಿಟಿಪಿ ಮಾಡಿದ ಪುಟವನ್ನು ಹಾಗೆಯೇ ಚಿತ್ರವಾಗಿಸಿ ತಾಣಕ್ಕೆ ಏರಿಸಿದ್ದರು. ಕಣ್ಣಿಗೆ ಅದು ಸೊಗಸಾದ ಕನ್ನಡ, ಗೂಗಲ್‌ಗೆ ಅದೊಂದು ಫೋಟೊ. ಚಿತ್ರದೊಳಗಿನ ಅಕ್ಷರಗಳನ್ನು ಓದುವ ತಂತ್ರಜ್ಞಾನ ಇದ್ದರೂ ಅದನ್ನು ನೆಚ್ಚಿ ಕೂರುವಂತಿಲ್ಲ. ಮುಖ್ಯವಾದ ಪಠ್ಯವನ್ನು ಪಠ್ಯವಾಗಿಯೇ ಇಡಬೇಕು. ಬೆಲೆಪಟ್ಟಿಯ ಕಡತದ ಪಾಡು ಇನ್ನೂ ವಿಚಿತ್ರ. ಅದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪಾಗಿತ್ತು. ಆ ಬಗೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುತ್ತವೆ. ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುತ್ತದೆ, ಒಳಗೆ ಇರುವುದು ಅರ್ಥವಿಲ್ಲದ ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು. ಸರ್ಚ್ ಎಂಜಿನ್ ಓದುವುದು ಆ ಒಳಗಿನದನ್ನು. ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿದೆ, ಅದೂ 1991ರ ಮೊದಲ ಆವೃತ್ತಿಯಿಂದಲೇ ಇದೆ. ನಮ್ಮ ಮೊಬೈಲ್ ಕೀಲಿಮಣೆಗಳು ಮೂಡಿಸುವುದೂ ಅದನ್ನೇ. ಇಂದಿನ ನುಡಿ ತಂತ್ರಾಂಶದಲ್ಲಿಯೂ ಯೂನಿಕೋಡಿನಲ್ಲಿ ಟೈಪ್ ಮಾಡಬಹುದು, ಹಳೆಯದನ್ನು ಬದಲಾಯಿಸುವ ಪರಿವರ್ತಕಗಳೂ ಇವೆ. ದೋಷ ತಂತ್ರಾಂಶದ್ದಲ್ಲ, ಮೂವತ್ತು ವರ್ಷಗಳ ಅಭ್ಯಾಸದ್ದು.

ನಿಮ್ಮ ತಾಣದ ಕನ್ನಡ ಯಾವ ಬಗೆಯದೆಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಪುಟದ ಒಂದು ಸಾಲನ್ನು ಒತ್ತಿ ಹಿಡಿದು ನಕಲು ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳುಹಿಸಿಕೊಳ್ಳಿ. ಕನ್ನಡವಾಗಿಯೇ ಬಂದರೆ ಸರಿ. ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದರೆ ಹಳೆಯ ಫಾಂಟ್. ನಕಲು ಮಾಡಲು ಸಾಲೇ ಸಿಗದಿದ್ದರೆ ಅದು ಚಿತ್ರ. ನಾನು ಪರಿಚಯದ ಹನ್ನೊಂದು ಅಂಗಡಿಗಳ ತಾಣಗಳನ್ನು ಹೀಗೆ ನೋಡಿದೆ. ಮೊದಲ ಪುಟದಲ್ಲಿ ಗೂಗಲ್ ಓದಬಲ್ಲ ಕನ್ನಡವಿದ್ದದ್ದು ಮೂರರಲ್ಲಿ.

ಇನ್ನು ಪದಗಳ ವಿಚಾರ. ಕೀವರ್ಡ್ ಎಂದು ಇದನ್ನು ದೊಡ್ಡ ವಿದ್ಯೆಯಂತೆ ಹೇಳುತ್ತಾರೆ. ಅಂಗಡಿಯಲ್ಲಿ ಕೂತವರಿಗೆ ಇದು ದಿನವೂ ಕಿವಿಗೆ ಬೀಳುವ ಸಂಗತಿ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ಎರಡು ವಾರ, ಫೋನಿನಲ್ಲಿ ಕೇಳಿದವರು ಯಾವ ಮಾತಿನಲ್ಲಿ ಕೇಳಿದರೋ ಅದೇ ಮಾತಿನಲ್ಲಿ ಬರೆದಿಟ್ಟೆವು. ನಾವು ಕಡಲೆಕಾಯಿ ಎಣ್ಣೆ ಎನ್ನುವುದನ್ನು ಹುಬ್ಬಳ್ಳಿ ಕಡೆಯವರು ಶೇಂಗಾ ಎಣ್ಣೆ ಎಂದರು. ನಮ್ಮ ಹುಚ್ಚೆಳ್ಳು ಅವರಿಗೆ ಗುರೆಳ್ಳು. ಬೆಂಗಳೂರಿನ ಹುಡುಗರು ‘ಕೋಲ್ಡ್ ಪ್ರೆಸ್ಡ್’ ಎಂದರು. ಅವರ ಅಮ್ಮಂದಿರು ‘ಮರದ ಗಾಣದ್ದಾ?’ ಎಂದರು. ಕೆಲವರು ಎತ್ತಿನ ಗಾಣವೇ ಎಂದು ಕೇಳಿದರು. ನಮ್ಮದು ಮೋಟಾರಿನಲ್ಲಿ ತಿರುಗುವ ಗಾಣ, ಆದ್ದರಿಂದ ‘ಎತ್ತಿನ ಗಾಣ’ ಎಂಬ ಪದಕ್ಕೆ ಎಷ್ಟೇ ಹುಡುಕಾಟವಿದ್ದರೂ ಅದನ್ನು ನಮ್ಮ ಶೀರ್ಷಿಕೆಯಲ್ಲಿ ಬಳಸಲಿಲ್ಲ. ಪುಟದೊಳಗೆ, ಎತ್ತಿಲ್ಲ, ಮೋಟಾರಿದೆ ಎಂದೇ ಬರೆದಿದ್ದೇವೆ. ಓದಿ ಹಿಂದೆ ಸರಿದವರಿದ್ದಾರು, ಬಂದು ನೋಡಿ ಜಗಳಕ್ಕೆ ನಿಂತವರಿಲ್ಲ.

ಪ್ರಶ್ನೆಗಳು ಪದಗಳಿಗಿಂತಲೂ ಬೆಲೆಯುಳ್ಳವು. ‘ನಾವೇ ಬೀಜ ತಂದರೆ ಆಡಿಸಿಕೊಡುತ್ತೀರಾ, ಕೂಲಿ ಎಷ್ಟು?’, ‘ಒಂದು ಲೀಟರಿಗೆ ಎಷ್ಟು ಬೀಜ ಬೇಕು?’, ‘ಎಣ್ಣೆಯ ತಳದಲ್ಲಿ ಮಡ್ಡಿ ನಿಂತಿದೆ, ಕೆಟ್ಟಿದೆಯಾ?’ ಇವಕ್ಕೆ ನಮ್ಮ ತಾಣದಲ್ಲಿ ಉತ್ತರವೇ ಇರಲಿಲ್ಲ. ಇದ್ದದ್ದು ‘ಗುಣಮಟ್ಟವೇ ನಮ್ಮ ಧ್ಯೇಯ’ ಎಂಬಂಥ, ಯಾವ ಅಂಗಡಿಗೂ ಅಂಟಿಸಬಹುದಾದ ಸಾಲುಗಳು. ಅವನ್ನು ಕಿತ್ತು, ಒಂದೊಂದು ಪ್ರಶ್ನೆಗೂ ತಿಳಿದಷ್ಟನ್ನು ಬರೆದೆವು: ನಮ್ಮ ಗಾಣದಲ್ಲಿ ಒಂದು ಲೀಟರ್ ಕಡಲೆಕಾಯಿ ಎಣ್ಣೆಗೆ ಸುಮಾರು ಎರಡೂವರೆ ಕೆ.ಜಿ. ಬೀಜ ಹೋಗುತ್ತದೆ, ಬೀಜ ಹಸಿಯಿದ್ದರೆ ಲೆಕ್ಕ ಬದಲಾಗುತ್ತದೆ, ಶೋಧಕ ಯಂತ್ರಕ್ಕೆ ಹಾಕದೆ ತಿಳಿಯಾಗಲು ಬಿಟ್ಟ ಎಣ್ಣೆಯಲ್ಲಿ ಮಡ್ಡಿ ನಿಲ್ಲುವುದು ಸಹಜ, ಹೀಗೆ. ಇದನ್ನು ನಮ್ಮ ಪರವಾಗಿ ಯಾವ ಸಂಸ್ಥೆಯೂ ಬರೆಯಲಾರದು, ಏಕೆಂದರೆ ಅವರು ಗಾಣದ ಮುಂದೆ ಕೂತವರಲ್ಲ. ನಾವು ಸ್ವಲ್ಪವೂ ನಿರೀಕ್ಷಿಸದಿದ್ದದ್ದು ಹಿಂಡಿಯ ಪುಟದ ಕಥೆ. ಎಣ್ಣೆ ತೆಗೆದ ಮೇಲೆ ಉಳಿಯುವ ಕಡಲೆಕಾಯಿ ಹಿಂಡಿಯನ್ನು ಹಸು ಸಾಕುವವರು ಕೊಳ್ಳುತ್ತಾರೆ. ಸೊಸೆಯ ಒತ್ತಾಯಕ್ಕೆ ಅದಕ್ಕೊಂದು ಪುಟ ಮಾಡಿ, ಸಿಗುವ ದಿನ, ಚೀಲದ ತೂಕ, ದರ ಬರೆದೆವು. ಇಂದು ನಮಗೆ ಹುಡುಕಾಟದಿಂದ ಬರುವ ಕರೆಗಳಲ್ಲಿ ಹೆಚ್ಚಿನವು ಗುಬ್ಬಿ, ಕುಣಿಗಲ್ ಕಡೆಯಿಂದ ಹಿಂಡಿಗಾಗಿ ಬರುವವು.

ಊರಿನ ಹೆಸರಿನಲ್ಲಿಯೂ ಒಂದು ತೊಡಕಿದೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿ ನಮ್ಮ ಊರು ‘ತುಮ್ಕೂರ್’ ಹೋಗಿ ‘ತುಮಕೂರು’ ಆಯಿತು. ಸರ್ಕಾರಿ ಫಲಕಗಳು ಬದಲಾದವು, ಜನರ ಬೆರಳುಗಳು ಬದಲಾಗಲಿಲ್ಲ; ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ ಹುಡುಕುವವರು ಈಗಲೂ ಇದ್ದಾರೆ. ಎರಡೂ ಒಂದೇ ಊರೆಂದು ಸರ್ಚ್ ಎಂಜಿನ್‌ಗಳು ಬಹುಮಟ್ಟಿಗೆ ಗುರುತಿಸುತ್ತವೆ. ಆದರೂ ವಿಳಾಸದಲ್ಲಿ ಹೊಸ ಹೆಸರನ್ನೂ, ಬರುವ ದಾರಿ ಹೇಳುವ ವಾಕ್ಯದಲ್ಲಿ ಒಮ್ಮೆ ಹಳೆಯ ರೂಪವನ್ನೂ ಬಳಸಿದರೆ ನಷ್ಟವಿಲ್ಲ. ನಷ್ಟವಾಗುವುದು ಅತಿಯಾದಾಗ. ನಾವು ಹಣ ಕೊಟ್ಟ ಸಂಸ್ಥೆಯವರು ಪುಟದ ಕೆಳಗೆ ಬಿಳಿಯ ಹಿನ್ನೆಲೆಯಲ್ಲಿ ಬಿಳಿಯ ಅಕ್ಷರಗಳಲ್ಲಿ, ನೋಡುವವರ ಕಣ್ಣಿಗೆ ಬೀಳದಂತೆ, ಅರವತ್ತು ಊರುಗಳ ಹೆಸರು ತುಂಬಿದ್ದರು. ಇದು ಗೂಗಲ್‌ನ ಸ್ಪ್ಯಾಮ್ ನಿಯಮಗಳ ಪ್ರಕಾರ ನೇರ ತಪ್ಪು. ಸಿಕ್ಕಿಬಿದ್ದರೆ ತಾಣ ಕೆಳಕ್ಕಿಳಿಯಬಹುದು, ಸೂಚಿಯಿಂದಲೇ ಹೊರಬೀಳಬಹುದು. ಅವರ ಬಿಲ್ಲಿನಲ್ಲಿ ‘ಮೆಟಾ ಕೀವರ್ಡ್ ಸೇರ್ಪಡೆ’ ಎಂದು ಪ್ರತ್ಯೇಕ ಮೊತ್ತವಿತ್ತು. ಪುಟದ ಸಂಕೇತದೊಳಗೆ ಕಣ್ಣಿಗೆ ಕಾಣದಂತೆ ಬರೆಯುವ ಆ ಮೆಟಾ ಕೀವರ್ಡ್‌ಗಳನ್ನು ತಾನು ಕ್ರಮ ನಿರ್ಧರಿಸಲು ಬಳಸುವುದಿಲ್ಲವೆಂದು ಗೂಗಲ್ ಬಹಿರಂಗವಾಗಿ ಹೇಳಿದ್ದು 2009ರಲ್ಲಿ.

ಪುಟದ ಶೀರ್ಷಿಕೆ ಮಾತ್ರ ನಿಜವಾಗಿಯೂ ಮುಖ್ಯ. ಫಲಿತಾಂಶಗಳಲ್ಲಿ ದಪ್ಪಗೆ, ಒತ್ತಲು ಬರುವಂತೆ ಕಾಣುವ ಸಾಲು ಬಹುತೇಕ ಅಲ್ಲಿಂದಲೇ ಬರುತ್ತದೆ. ನಮ್ಮ ಐದೂ ಪುಟಗಳಿಗೆ ‘ಹೋಮ್’ ಎಂಬ ಒಂದೇ ಶೀರ್ಷಿಕೆಯಿತ್ತು. ಈಗ ‘ಮರದ ಗಾಣದ ಕಡಲೆಕಾಯಿ ಎಣ್ಣೆ, ತುಮಕೂರು’, ‘ಕಡಲೆಕಾಯಿ ಹಿಂಡಿ: ದರ ಮತ್ತು ಸಿಗುವ ದಿನಗಳು’ ಎಂಬಂತೆ ಒಂದೊಂದಕ್ಕೂ ಅದರದೇ ಶೀರ್ಷಿಕೆಯಿದೆ. ಅದರ ಕೆಳಗೆ ಕಾಣುವ ವಿವರಣೆಯ ಎರಡು ಸಾಲು ಸ್ಥಾನವನ್ನು ಮೇಲೇರಿಸುವುದಿಲ್ಲ, ಗೂಗಲ್ ಅದನ್ನು ತನಗೆ ತೋಚಿದಂತೆ ಬದಲಾಯಿಸುವುದೂ ಉಂಟು. ಆದರೆ ಓದಿದವರು ಒತ್ತುವರೇ ಬಿಡುವರೇ ಎಂಬುದು ಅದರ ಮೇಲಿದೆ. ಇಂಗ್ಲಿಷ್ ಪುಟಗಳು ಬೇಕೆನಿಸಿದರೆ ಅವು ಬೇರೆ ವಿಳಾಸದಲ್ಲಿ ಬೇರೆಯಾಗಿಯೇ ಇರಲಿ. ಒಂದೇ ಪುಟದಲ್ಲಿ ಎರಡನ್ನೂ ಕಲಸಿದರೆ ಓದುವವರಿಗೂ ಹಿತವಲ್ಲ.

ಚಿತ್ರಗಳು ಹಗುರವಾಗಿರಬೇಕು. ಮೊಬೈಲಿನಲ್ಲಿ ತೆಗೆದ ನಾಲ್ಕೈದು ಎಂಬಿಯ ಫೋಟೊಗಳನ್ನು ನಾವು ಹಾಗೆಯೇ ಏರಿಸಿದ್ದೆವು. ನೆಟ್‌ವರ್ಕ್ ಸರಿಯಿಲ್ಲದ ಊರಿನಲ್ಲಿ ಪುಟ ತೆರೆಯುವಷ್ಟರಲ್ಲಿ ನೋಡುವವರ ತಾಳ್ಮೆ ಮುಗಿಯುತ್ತದೆ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್ ಇಟ್ಟುಕೊಂಡಿರುವ ಅಳತೆ, ಮತ್ತು ಈಗ ಅದು ಸೂಚಿಗೆ ಸೇರಿಸಲು ನೋಡುವುದೇ ತಾಣದ ಮೊಬೈಲ್ ರೂಪವನ್ನು. ಪ್ರತಿ ಚಿತ್ರಕ್ಕೂ ಅದರಲ್ಲಿ ಏನಿದೆಯೆಂದು ಒಂದು ಸಾಲಿನ ಪರ್ಯಾಯ ಪಠ್ಯ ಬರೆಯಬೇಕು. ಅದು ಕಣ್ಣು ಕಾಣದವರ ಓದುಯಂತ್ರಕ್ಕೂ ನೆರವಾಗುತ್ತದೆ.

ಲಿಂಕುಗಳ ವ್ಯಾಪಾರದ ಬಗ್ಗೆ ಎರಡು ಮಾತು ಹೇಳಲೇಬೇಕು. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಗೂಗಲ್ ಸ್ಥಾಪಿಸಿದಾಗ ಅವರ ಹೊಸತನವಿದ್ದದ್ದು, ಒಂದು ಪುಟಕ್ಕೆ ಬೇರೆಯವರು ಕೊಡುವ ಲಿಂಕನ್ನು ಆ ಪುಟಕ್ಕೆ ಬಿದ್ದ ಮತದಂತೆ ಎಣಿಸುವುದರಲ್ಲಿ, ಅದರಲ್ಲೂ ಮತ ಹಾಕಿದವರ ತೂಕವನ್ನೂ ನೋಡುವುದರಲ್ಲಿ. ಮತವೆಂದ ಮೇಲೆ ಅದನ್ನು ಕೊಳ್ಳುವವರೂ ಹುಟ್ಟಿದರು. 2012ರಲ್ಲಿ ಪೆಂಗ್ವಿನ್ ಎಂಬ ಪರಿಷ್ಕರಣೆಯ ಮೂಲಕ ಗೂಗಲ್ ಅಂಥ ಕೃತಕ ಲಿಂಕುಗಳ ವಿರುದ್ಧ ಕ್ರಮ ತೆಗೆದುಕೊಂಡಿತು. ಹೀಗಿದ್ದರೂ ನಮಗೆ ಕರೆ ಮಾಡಿದವರು ‘ಐನೂರು ಬ್ಯಾಕ್‌ಲಿಂಕ್ ಉಚಿತ’ ಎನ್ನುತ್ತಾರೆ. ನಮಗೆ ಬೀಜ ಕೊಡುವ ರೈತ ಉತ್ಪಾದಕರ ಸಂಸ್ಥೆಯ ತಾಣದಲ್ಲಿ ನಮ್ಮ ಹೆಸರಿಗೊಂದು ಲಿಂಕ್, ನಮ್ಮ ಎಣ್ಣೆ ಬಳಸುವ ಹೋಟೆಲಿನ ಪುಟದಲ್ಲಿ ಒಂದು, ಇಷ್ಟೇ ನಮಗೆ ಈವರೆಗೆ ದಕ್ಕಿರುವುದು. ಅವರು ಕೇಳದೆಯೇ ಕೊಟ್ಟದ್ದಲ್ಲ, ನಾವೇ ಹೋಗಿ ಕೇಳಿದ್ದು. ಆದರೆ ಸಂಬಂಧ ನಿಜವಾದದ್ದು.

ಎಲ್ಲ ಅಂಗಡಿಗೂ ವೆಬ್‌ಸೈಟ್ ಬೇಕೆಂದೂ ನಾನು ಹೇಳುವುದಿಲ್ಲ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮಾರುವವರಿಗೆ ನಕಾಶೆಯಲ್ಲಿ ಸರಿಯಾದ ಜಾಗ, ತೆರೆಯುವ ಮುಚ್ಚುವ ವೇಳೆ, ಫೋನ್ ಸಂಖ್ಯೆ ಇದ್ದರೆ ಸಾಕು. ಇದಕ್ಕೆ ಇರುವುದು ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬ ಉಚಿತ ಸೇವೆ. ಸುತ್ತಮುತ್ತಲಿನ ಅಂಗಡಿಗಳನ್ನು ತೋರಿಸುವಾಗ ಗೂಗಲ್ ಮೂರು ಸಂಗತಿಗಳನ್ನು ನೋಡುತ್ತದೆ: ಹುಡುಕಿದ್ದಕ್ಕೆ ಎಷ್ಟು ಹೊಂದುತ್ತದೆ, ಹುಡುಕಿದವರಿಂದ ಎಷ್ಟು ದೂರದಲ್ಲಿದೆ, ಎಷ್ಟು ಹೆಸರುವಾಸಿ. ದೂರವನ್ನು ನಾವು ಬದಲಾಯಿಸಲಾರೆವು. ಆದ್ದರಿಂದಲೇ, ಒಬ್ಬರ ಮೊಬೈಲಿನಲ್ಲಿ ಮೊದಲು ಕಂಡದ್ದು ನಗರದ ಬಟವಾಡಿ ಬಡಾವಣೆಯಲ್ಲಿ ಕುಳಿತ ಇನ್ನೊಬ್ಬರಿಗೆ ನಾಲ್ಕನೆಯದಾಗಿ ಕಾಣಬಹುದು. ನಮ್ಮ ಗುರುತು ನಕಾಶೆಯಲ್ಲಿ ಎರಡು ಬೀದಿ ಆಚೆ, ಒಂದು ಕಲ್ಯಾಣ ಮಂಟಪದ ಹಿಂದೆ ಬಿದ್ದಿತ್ತು. ಎಷ್ಟು ಗಿರಾಕಿಗಳು ಮದುವೆ ಮನೆಯ ಪಾತ್ರೆ ತೊಳೆಯುವ ಜಾಗಕ್ಕೆ ಹೋಗಿ ಹಿಂದಿರುಗಿದರೋ ದೇವರೇ ಬಲ್ಲ. ಅಂಗಡಿಯ ಫಲಕದಲ್ಲಿರುವ ಹೆಸರನ್ನೇ ಕೊಡಬೇಕು, ಹೆಸರಿಗೆ ‘ಅತ್ಯುತ್ತಮ’, ‘ನಂಬರ್ ಒನ್’ ಎಂದು ಬಾಲ ಅಂಟಿಸಬಾರದು. ಅಭಿಪ್ರಾಯ ಬರೆದವರಿಗೆ ರಿಯಾಯಿತಿ ಕೊಡುವುದು ನಿಯಮಬಾಹಿರ. ಕೆಟ್ಟ ಅಭಿಪ್ರಾಯ ಬಂದರೆ ಉತ್ತರ ಬರೆಯಿರಿ; ಡಬ್ಬದ ಮುಚ್ಚಳ ಸೋರಿದ್ದಕ್ಕೆ ಒಂದೇ ನಕ್ಷತ್ರ ಕೊಟ್ಟ ಮಹಿಳೆಗೆ ತಪ್ಪೊಪ್ಪಿ ಬರೆದ ನಮ್ಮ ಉತ್ತರವನ್ನು ಓದಿಯೇ ಬಂದೆವೆಂದು ಇಬ್ಬರು ಹೇಳಿದ್ದಾರೆ.

ಒಡೆತನದ ವಿಚಾರವನ್ನು ಒತ್ತಿ ಹೇಳಬೇಕಾಗಿದೆ. ಮೊದಲು ಈ ಬಿಸಿನೆಸ್ ಪ್ರೊಫೈಲಿನ ಜೊತೆಗೇ ಗೂಗಲ್ ಒಂದು ಸರಳ ಉಚಿತ ವೆಬ್‌ಸೈಟನ್ನೂ ಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿತು. ಅದನ್ನೇ ನೆಚ್ಚಿ ಕರಪತ್ರ, ಚೀಲಗಳ ಮೇಲೆಲ್ಲ ಆ ವಿಳಾಸ ಅಚ್ಚು ಹಾಕಿಸಿದ್ದವರಿಗೆ ಅಚ್ಚಿನ ಖರ್ಚೂ ಹೋಯಿತು. ನನ್ನ ಸಂಗತಿ ಬೇರೆ ಬಗೆಯದು: ನಮ್ಮ ತಾಣದ ಡೊಮೇನ್ ಹೆಸರನ್ನು, ಅಂದರೆ ತಾಣದ ವಿಳಾಸವನ್ನು, ಮೊದಲು ತಾಣ ಮಾಡಿಕೊಟ್ಟವರು ತಮ್ಮದೇ ಇಮೇಲಿನಲ್ಲಿ ನೋಂದಾಯಿಸಿದ್ದರು. ಹಣ ನನ್ನದು, ಅಂಗಡಿಯ ಹೆಸರು ನನ್ನದು, ಕಾಗದದ ಮೇಲೆ ಒಡೆಯರು ಅವರು. ಅದನ್ನು ನಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಎರಡು ತಿಂಗಳು ಅಲೆದೆ. ಅಂಗಡಿಯ ಬಾಡಿಗೆ ಕರಾರು ಯಾರ ಹೆಸರಿನಲ್ಲಿದೆ ಎಂದು ನೋಡುವ ನಾವು ಇದನ್ನು ನೋಡುವುದಿಲ್ಲ. ಡೊಮೇನ್, ಹೋಸ್ಟಿಂಗ್ (ತಾಣವನ್ನು ಇರಿಸುವ ಬಾಡಿಗೆ ಜಾಗ), ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್, ಈ ನಾಲ್ಕೂ ವ್ಯಾಪಾರಿಯ ಸ್ವಂತ ಇಮೇಲಿನಲ್ಲಿರಬೇಕು. ಒಟಿಪಿ ಕೇಳಿ ಫೋನ್ ಮಾಡುವವರು ಗೂಗಲ್ ಹೆಸರು ಹೇಳಿದರೂ ಕೊಡಬಾರದು.

ಇಷ್ಟೆಲ್ಲ ಮಾಡಿದ ಮೇಲೆ ಏನಾಯಿತೆಂದು ಓದುಗರು ಕೇಳಬಹುದು. ‘ಅಡುಗೆ ಎಣ್ಣೆ’ ಎಂದು ಹುಡುಕಿದರೆ ನಾವು ಇಂದಿಗೂ ಎಲ್ಲಿಯೂ ಕಾಣುವುದಿಲ್ಲ, ಮುಂದೆಯೂ ಕಾಣಲಾರೆವು. ಅಲ್ಲಿರುವವರು ದೇಶದ ದೊಡ್ಡ ದೊಡ್ಡ ಕಂಪನಿಗಳು. ‘ತುಮಕೂರು ಗಾಣದ ಎಣ್ಣೆ’ ಎಂದರೆ ಹೆಚ್ಚಿನ ಸಲ ಮೊದಲ ಪುಟದಲ್ಲಿ ಸಿಗುತ್ತೇವೆ. ಅದೂ ಐದನೆಯ ತಿಂಗಳಿನಿಂದ. ಬದಲಾವಣೆ ಮಾಡಿ ಫಲ ಕಾಣಲು ನಾಲ್ಕು ತಿಂಗಳಿನಿಂದ ಒಂದು ವರ್ಷ ಬೇಕಾಗಬಹುದೆಂದು ಗೂಗಲ್‌ನವರೇ ಹೇಳಿರುವಾಗ, ಮೂವತ್ತು ದಿನದ ಗ್ಯಾರಂಟಿ ಕೊಡುವವರ ಮಾತಿನ ತೂಕವನ್ನು ಊಹಿಸಬಹುದು. ಎಲ್ಲ ಸಂಸ್ಥೆಗಳೂ ಮೋಸಗಾರರೆಂದು ನಾನು ಹೇಳುತ್ತಿಲ್ಲ. ನೂರಾರು ವಸ್ತುಗಳನ್ನು ಮಾರುವ ತಾಣಗಳಿಗೆ ಬಲ್ಲವರ ನೆರವು ಬೇಕೇ ಬೇಕು. ಅಂಥವರನ್ನು ಗುರುತಿಸಲು ಒಂದು ಪ್ರಶ್ನೆ ಸಾಕೆಂದು ನನಗನ್ನಿಸುತ್ತದೆ: ‘ಮೊದಲ ವಾರ ಏನು ನೋಡುತ್ತೀರಿ?’ ಸೂಚಿಯಲ್ಲಿ ತಾಣವಿದೆಯೇ ಎಂದು ನೋಡುತ್ತೇವೆ ಎನ್ನುವವರ ಜೊತೆ ಮಾತು ಮುಂದುವರಿಸಬಹುದು.

ಕೊನೆಯದಾಗಿ ಒಂದು ಕೋರಿಕೆ. ಜಿಲ್ಲಾ ಕೈಗಾರಿಕಾ ಕೇಂದ್ರವೂ ನಗರದ ವಾಣಿಜ್ಯ ಸಂಘಗಳೂ ಎಂಜಿನಿಯರಿಂಗ್ ಕಾಲೇಜುಗಳೂ ಸೇರಿ, ಸಣ್ಣ ವ್ಯಾಪಾರಿಗಳಿಗಾಗಿ ಎರಡು ಗಂಟೆಯ ಕನ್ನಡದ ತರಬೇತಿಯನ್ನು ಏರ್ಪಡಿಸಬೇಕು. ಭಾಷಣ ಬೇಡ, ಪರದೆಯ ಮೇಲೆ ಚಿತ್ರಗಳೂ ಬೇಡ. ಬಂದವರು ತಮ್ಮ ಮೊಬೈಲಿನಲ್ಲಿಯೇ ತಮ್ಮ ತಾಣ ಸೂಚಿಯಲ್ಲಿದೆಯೇ, ಕನ್ನಡ ಯೂನಿಕೋಡಿನಲ್ಲಿದೆಯೇ, ಡೊಮೇನ್ ಯಾರ ಹೆಸರಿನಲ್ಲಿದೆ, ನಕಾಶೆಯ ಗುರುತು ಸರಿಯಾದ ಬೀದಿಯಲ್ಲಿದೆಯೇ ಎಂದು ನೋಡಿಕೊಳ್ಳಲಿ, ವಿದ್ಯಾರ್ಥಿಗಳು ಪಕ್ಕದಲ್ಲಿ ಕೂತು ತೋರಿಸಲಿ. ತಮ್ಮ ಪತ್ರಿಕೆ ಅದರ ಪ್ರಕಟಣೆಯನ್ನು ಜಿಲ್ಲಾ ಪುಟದಲ್ಲಿ ಹಾಕಿದರೆ ಉಪಕಾರವಾಗುತ್ತದೆ. ಸಭಾಂಗಣ ಸಿಗದಿದ್ದರೆ ನಮ್ಮ ಗಾಣದ ಅಂಗಳದಲ್ಲಿ ಇಪ್ಪತ್ತು ಕುರ್ಚಿ ಹಾಕಲು ಜಾಗವಿದೆ. ಭಾನುವಾರ ಗಾಣ ನಿಲ್ಲಿಸಿರುತ್ತೇವೆ, ಸದ್ದಿರುವುದಿಲ್ಲ.

ಇತಿ ತಮ್ಮ ವಿಶ್ವಾಸಿ,
ಗಾಣದ ಎಣ್ಣೆಯ ವ್ಯಾಪಾರಿ,
ಶಿರಾ ಗೇಟ್, ತುಮಕೂರು